ಉಸಿರು ಬಿಗಿಹಿಡಿದವರ ಕಾರು

"ಆ ಮನೆಯವರು ಕಾರು ಹತ್ತಿದ್ರು ಅಂದ್ರೆ ಸೊಳ್ಳೆ ಕೂಡ ಪಕ್ಕದ ಬೀದಿಗೆ ಹೋಗಿ ಗುಂಯ್‌ಗುಡಬೇಕು ಕಣ್ರೀ" ಎನ್ನುತ್ತಿದ್ದಳು ಪಕ್ಕದ ಮನೆಯ ಇಸ್ತ್ರಿಯವಳು. "ಅವರೇನು ಊರು ಸುತ್ತೋಕೆ ಹೋಗ್ತಾರೋ, ಪರೀಕ್ಷೆ ಬರೆಯೋಕೆ ಹೋಗ್ತಾರೋ?" ಎಂದು ಮೂಲೆಮನೆಯ ಅಂಚೆಯವನು ಕೇಳುತ್ತಿದ್ದ. ಬೀದಿಯ ಹುಡುಗರಂತೂ ಭಾನುವಾರ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕೂತು, ಕಾರಿನೊಳಗಿನವರ ಜೊತೆಗೆ ತಾವೂ ಮೂಗು ಹಿಡಿದು, ಕೆನ್ನೆ ಉಬ್ಬಿಸಿ, ಕಣ್ಣುಗುಡ್ಡೆ ಹೊರಬರುವ ತನಕ ಉಸಿರು ಕಟ್ಟುತ್ತಿದ್ದರು. ಇಂಜಿನ್ನು ಗುರ್ರೆಂದ ಕೂಡಲೇ "ಹೋ!" ಎಂದು ಕೂಗಿ ಗೋಡೆಯಿಂದ ಉದುರಿ ಬೀಳುತ್ತಿದ್ದರು.

ಅದು ಗಾಜು ಕೊಯ್ಯುವವನ ಮನೆ. ಕೆಳಗೆ ಅಂಗಡಿ, ಮೇಲೆ ಸಂಸಾರ, ನಡುವೆ ಕಡಿದಾದ ಮರದ ಮೆಟ್ಟಿಲು. ಬೀದಿಯವರು ಅವನನ್ನು ಗಾಜಪ್ಪ ಎಂದು ಕರೆದರು, ಅವನೂ ಓಗೊಟ್ಟ, ಅದೇ ಖಾಯಂ ಆಯಿತು.

ಗಾಜು ಕೊಯ್ಯುವುದು ಎಂದರೆ ತರಕಾರಿಯ ಹಾಗೆ ಹೆಚ್ಚುವುದೇನಲ್ಲ. ಚೂಪಾದ ಮೊನೆಯಿಂದ ಅದರ ಮೈಮೇಲೆ ಒಂದೇ ಒಂದು ಗೆರೆ ಎಳೆಯುವುದು, ಆಮೇಲೆ ಗೆರೆ ಹಿಡಿದು ಮುರಿಯುವುದು. ಗೆರೆ ಸರಿಯಾಗಿ ಬಿತ್ತೋ ಇಲ್ಲವೋ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗಬೇಕು. ಹೊಸ ಬಟ್ಟೆ ಹರಿದಂಥ ಸದ್ದು ಬಂದರೆ ಗೆದ್ದ. ಮರಳು ತುಳಿದಂಥ ಸದ್ದು ಬಂದರೆ ಆ ಹಾಳೆ ಎಲ್ಲಿ ಬೇಕಾದರೂ ಬಾಯಿ ಬಿಟ್ಟೀತು. ಹಾಗಾಗಿ ಗಾಜಪ್ಪ ಮೊನೆ ಕೈಗೆತ್ತಿಕೊಂಡರೆ ಗಿರಾಕಿಗಳು ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಮೇಲೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದರೆ ಅವಳೂ ಕೈ ನಿಲ್ಲಿಸಬೇಕು. ಅಂಗಡಿಯ ಈ ಕಟ್ಟಳೆ ಕಾರು ಬಂದ ದಿನ ಕಾರಿಗೂ ಹತ್ತಿತು.

ಕಾರೆಂದರೆ ಅಂಥಿಂಥ ಕಾರಲ್ಲ. ಉದ್ದನೆಯ ಬೆನ್ನಿನ ಸ್ಟೇಷನ್ ವ್ಯಾಗನ್ನು. ಹಾಲು ಹೆಚ್ಚಾದ ಚಹಾದ ಬಣ್ಣ. ಮೂತಿ ಗಾಜಪ್ಪನ ಬಾಗಿಲಲ್ಲಿದ್ದರೆ ಬಾಲ ಇಸ್ತ್ರಿಯವಳ ಬಾಗಿಲಲ್ಲಿ. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದು, ಒಂದಿಡೀ ಮಳೆಗಾಲ ಅದರ ಹೊಟ್ಟೆಯೊಳಗೆ ಕೂತು ಅವನು ಮರಗೆಲಸ ಮಾಡಿದ. ಮುಂದಿನ ಸೀಟಿನ ಹಿಂದೆ ಗಾಜಿನ ಹಾಳೆಗಳನ್ನು ನಿಲ್ಲಿಸಲು ಕಂಬಳಿ ಸುತ್ತಿದ ಚೌಕಟ್ಟು. ಚೌಕಟ್ಟಿನ ಹಿಂದೆ, ಹಿಂಬಾಗಿಲಿಗೆ ಮುಖ ಮಾಡಿದ ಒಂದು ಪುಟ್ಟ ಬೆಂಚು. ಅದು ಇಬ್ಬರು ಹೆಣ್ಣುಮಕ್ಕಳ ಜಾಗ. ಗಾಜಿಗೆ ಬೆನ್ನು ಕೊಟ್ಟು ಕೂತರೆ ಅವರ ಕೈ ಗಾಜಿಗೆ ಹೋಗದು ಎಂಬ ಲೆಕ್ಕಾಚಾರ. ಮುಂದೆ ಏನು ಬರುತ್ತದೆಂದು ಆ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ಕಾರು ದಾಟಿ ಬಿಟ್ಟದ್ದಷ್ಟೇ ಅವರಿಗೆ ಕಾಣುತ್ತಿದ್ದುದು.

ಆ ಕಾರಿಗೆ ಒಂದು ಚಾಳಿ ಇತ್ತು. ಕೀಲಿಯನ್ನು ಅರ್ಧ ತಿರುಗಿಸಿದರೆ ಹಿಂದೆಲ್ಲೋ ಪೆಟ್ರೋಲ್ ಪಂಪು ಟಿಕ್ ಟಿಕ್ ಟಿಕ್ ಎಂದು ಹೊಡೆದುಕೊಳ್ಳುತ್ತಿತ್ತು. ಆ ಟಿಕ್ಕು ನಿಧಾನವಾಗಿ, ಇನ್ನೂ ನಿಧಾನವಾಗಿ, ಇನ್ನೇನು ನಿಂತಿತು ಎನ್ನುವಾಗ ಕೀಲಿ ಪೂರ್ತಿ ತಿರುಗಿಸಬೇಕು. ಒಂದು ಗಳಿಗೆ ಮೊದಲಾದರೆ ಕೆಮ್ಮಿ ಸುಮ್ಮನಾಗುತ್ತಿತ್ತು. ತಡವಾದರೆ ಆ ಕೆಮ್ಮೂ ಇಲ್ಲ. ಆದ್ದರಿಂದ ಗಾಜಪ್ಪ ಕೀಲಿ ಹಾಕಿ "ಹೂಂ" ಎಂದರೆ ಹೆಂಡತಿ ಮಡಿಲಲ್ಲಿ ಕೈಕಟ್ಟಿ ಕೂರುತ್ತಿದ್ದಳು. ಹಿಂದಿನ ಬೆಂಚಿನ ಪಿಸುಮಾತು ನಿಲ್ಲುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. ಆ ಮೌನದಲ್ಲಿ ಎಲ್ಲರ ಕಣ್ಣೂ ತನ್ನ ಕತ್ತಿನ ಮೇಲೆ ನೆಟ್ಟಿದೆ ಎಂದು ಗಾಜಪ್ಪನಿಗೆ ಅನಿಸುತ್ತಿತ್ತು. ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು. ಇಂಜಿನ್ನು ಎದ್ದಾಗ ಹೆಂಡತಿ ಬಿಡುತ್ತಿದ್ದ ಆ "ಹಪ್ಪಾ!" ಎಂಬ ಉಸಿರಿದೆಯಲ್ಲ, ಅದರ ಮುಂದೆ ಯಾವ ಹಾರ ತುರಾಯಿಯೂ ಅವನಿಗೆ ಸಾಟಿಯಲ್ಲ.

ಇನ್ನು ಒಂದು ಸಂಗತಿ ಹೇಳಬೇಕು. ದೊಡ್ಡ ಮಗಳು ಸ್ಕೂಲಿಗೆ ಸೇರಿದ ವರ್ಷ ಆ ಪಂಪು ಕೆಟ್ಟಿತು. ಗ್ಯಾರೇಜಿನವನು ಹೊಸ ಬಗೆಯದೊಂದು ಹಾಕಿ, "ಇದಕ್ಕೆ ಸದ್ದೂ ಇಲ್ಲ, ಗದ್ದಲವೂ ಇಲ್ಲ. ಇನ್ಮೇಲೆ ಕಾಯೋ ಗೋಜಿಲ್ಲ, ಸೀದಾ ತಿರುಗಿಸಿ" ಎಂದ. ಅದನ್ನು ಮನೆಯಲ್ಲಿ ಹೇಳಬೇಕೆಂದೇ ಗಾಜಪ್ಪ ಬಂದ. ಆದರೆ ಭಾನುವಾರ ಅವನು ಕೀಲಿಗೆ ಕೈ ಹಾಕುವುದಕ್ಕೂ ಇಡೀ ಕಾರು ಗಪ್‌ಚಿಪ್ ಆಗುವುದಕ್ಕೂ ಸರಿಹೋಯಿತು. ಹೇಳುವ ಮಾತು ಗಂಟಲಲ್ಲೇ ಕೂತಿತು. ಅರ್ಧ ತಿರುಗಿಸಿದ. ಇಲ್ಲದ ಟಿಕ್ಕಿಗೆ ಕಿವಿಗೊಟ್ಟ. ತಲೆ ಸ್ವಲ್ಪ ವಾಲಿಸಿದ. ಆಮೇಲೆ ಪೂರ್ತಿ ತಿರುಗಿಸಿದ. "ಹಪ್ಪಾ!" ಎಂದಳು ಹೆಂಡತಿ. ಅಲ್ಲಿಂದ ಮುಂದೆ ಮಕ್ಕಳು ದೊಡ್ಡವರಾದರು, ಮದುವೆಯಾಗಿ ಹೋದರು, ಗಾಜಪ್ಪನ ಮೀಸೆ ಬೆಳ್ಳಗಾಯಿತು. ಕಾರು ಏಳುವ ಮೊದಲಿನ ಆ ಮೌನ ಮಾತ್ರ ಹಾಗೆಯೇ ಉಳಿಯಿತು.

ಆ ಕಾರು ಓಡಿಸುವ ಸುಖವನ್ನು ಅವನ ಬಾಯಲ್ಲೇ ಕೇಳಬೇಕಿತ್ತು. "ಗಾಜು ಹೇರಿಕೊಂಡು ಹೋಗೋವಾಗ ರಸ್ತೇಲಿರೋ ಒಂದೊಂದು ಹಳ್ಳವೂ ನನ್ನ ಸೊಂಟಕ್ಕೆ ಮೊದಲೇ ಗೊತ್ತಾಗೋದು" ಎನ್ನುತ್ತಿದ್ದ. ಬೆಳಗಿನ ಬಿಸಿಲು ಬಿದ್ದರೆ ಹಿಂದೆ ಹೇರಿದ ಕನ್ನಡಿಗಳಿಂದ ಬೆಳಕು ಚಾವಣಿಗೆ ಹಾರಿ, ಕಾರು ತಿರುಗಿದ ಹಾಗೆ ತಾನೂ ತಿರುಗುತ್ತಿತ್ತು. ಎರಡನೇ ಗೇರು ಸ್ವಲ್ಪ ಮೊಂಡು. ಅದನ್ನು ರಮಿಸಿ ಹಾಕಬೇಕು. ಸ್ಟೀರಿಂಗಿನ ಒಂದು ಕಡೆ ಅವನ ಅಂಗೈ ಉಜ್ಜಿ ಉಜ್ಜಿ ನುಣುಪಾದ ಹಳ್ಳ ಬಿದ್ದಿತ್ತು. ಬೇರೆ ಯಾರ ಕೈಯೂ ಅಲ್ಲಿ ಕೂರುವುದಿಲ್ಲ ಎಂಬುದು ಅವನ ನಂಬಿಕೆ. "ಇದು ನನ್ನ ಮಾತು ಬಿಟ್ರೆ ಇನ್ಯಾರ ಮಾತೂ ಕೇಳಲ್ಲ" ಎಂದು ನೆಂಟರಿಷ್ಟರಿಗೆಲ್ಲ ಸಾರಿ ಹೇಳುತ್ತಿದ್ದ.

ಅಂಥವನ ಎಡಮಂಡಿ ಕೈಕೊಟ್ಟಿತು. ಆಪರೇಷನ್ ಮಾಡಿದ ಡಾಕ್ಟರು, "ಕ್ಲಚ್ ತುಳಿಯೋ ಕೆಲಸ ಮರೆತುಬಿಡಿ" ಎಂದರು. ಕಾರು ಬಾಗಿಲಲ್ಲಿ ಧೂಳು ತಿನ್ನತೊಡಗಿತು.

ಒಂದು ದಿನ ಹೆಂಡತಿ ಚಹಾದ ಲೋಟ ಇಟ್ಟು, "ರೀ, ನಾನು ಕಲ್ತುಕೊಳ್ಳಲಾ?" ಎಂದಳು.

"ಏನನ್ನ?"

"ಕಾರು ಓಡ್ಸೋದನ್ನ. ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ."

ಗಾಜಪ್ಪ ನಕ್ಕ. ಎಷ್ಟು ನಕ್ಕನೆಂದರೆ ಚಹಾ ಮೂಗಿಗೇರಿತು. "ನಿನ್ನ ಮಾತು ಅದೆಲ್ಲಿ ಕೇಳುತ್ತೆ ಮಾರಾಯ್ತಿ? ಹೆಜ್ಜೆ ಹೆಜ್ಜೆಗೂ ನಿಂತು ನಿಂತು ಮಾನ ಕಳೆಯುತ್ತೆ. ಅದರ ಬದಲು ಮಾರೋದೇ ಮೇಲು."

ಅವಳು ಲೋಟ ಎತ್ತಿಕೊಂಡು ಹೋದಳು.

ಕೊಳ್ಳುವವರು ಹಲವರು ಬಂದರು. ಗಾಜಪ್ಪ ಒಬ್ಬೊಬ್ಬರಲ್ಲೂ ಒಂದೊಂದು ಕೊಂಕು ಹುಡುಕಿ ವಾಪಸ್ ಕಳಿಸಿದ. ಒಬ್ಬನು ಟೈರು ಒದ್ದು ನೋಡಿದ, ಅವನು ಬೇಡ. ಇನ್ನೊಬ್ಬನು ಬಾನೆಟ್ಟನ್ನು ದಬಕ್ಕನೆ ಹಾಕಿದ, ಅವನೂ ಬೇಡ. ಕೊನೆಗೆ ಯಾರಿಗೆ ಕೊಟ್ಟ ಎಂದು ಕೇಳಿದರೆ ನೀವು ನಂಬುವುದಿಲ್ಲ. ಎದುರು ಮನೆಗೆ ಬಂದು ಸೇರಿದ್ದ ಹರಾಜಣ್ಣನಿಗೆ ಕೊಟ್ಟ.

ಹರಾಜಣ್ಣನೆಂದರೆ ತರಕಾರಿ ಮಂಡಿಯಲ್ಲಿ ಮೂಟೆಗಳ ಮೇಲೆ ನಿಂತು ಹರಾಜು ಕೂಗುವವನು. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯ ಆ ತುದಿಗೆ ಕೇಳಿಸಬೇಕು. ಅವನ ಹೆಂಡತಿಯದು ಅವನಿಗಿಂತ ಒಂದು ಕೈ ಮೇಲು. ಮಕ್ಕಳು ಹಿಂಡಿನಷ್ಟು, ಜೊತೆಗೊಂದು ನಾಯಿ. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕೇಳುವವರು ಯಾರು ಎಂಬುದು ಬೀದಿಗೆ ಬಿಡಿಸಲಾಗದ ಒಗಟು.

ಗಾಜಪ್ಪ ಬೇಕೆಂದೇ ಅವನಿಗೆ ಮಾರಿದ. ಕೀಲಿ ಕೊಡುವಾಗ ಮೌನದ ಮಾತು ಎತ್ತಲೇ ಇಲ್ಲ. ಪಂಪು ಬದಲಾದದ್ದು ಅವನಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಅಷ್ಟು ವರ್ಷ ಇಲ್ಲದ ಟಿಕ್ಕಿಗೆ ಕಿವಿಗೊಟ್ಟ ಮನುಷ್ಯನಿಗೆ, ಕಾರು ನಿಜಕ್ಕೂ ಸದ್ದಿದ್ದರೆ ಏಳದು ಎಂಬುದು ಹೇಗೋ ನಂಬಿಕೆಯಾಗಿ ಹೋಗಿತ್ತು. ಈ ಸಂತೆಗೆ ಅದು ಏಳುವುದೇ? ಎರಡು ದಿನ ಗುದ್ದಾಡಿ, ಮೂರನೇ ದಿನ 'ಅಣ್ಣಾ, ಇದರ ಗುಟ್ಟೇನು?' ಎಂದು ನನ್ನ ಬಾಗಿಲಿಗೇ ಬರುತ್ತಾನೆ. ಆಗ ನಿಧಾನಕ್ಕೆ ಮೆಟ್ಟಿಲಿಳಿದು ಹೋಗಿ... ಹೀಗಿತ್ತು ಅವನ ಮನಸ್ಸಿನ ಮಂಡಿಗೆ.

ಮರುದಿನ ಬೆಳಿಗ್ಗೆಯೇ ಕುರ್ಚಿ ಎಳೆದು ಕಿಟಕಿಗೆ ಕೂತ. ಕಿಟಕಿಯ ಗಾಜನ್ನು ಆ ಮುಂಜಾನೆ ತಾನೇ ಒರೆಸಿದ್ದ.

ಹರಾಜಣ್ಣನ ಸಂಸಾರ ಹೊರಬಂತು. ನಾಯಿ ಮೊದಲು ಹತ್ತಿತು. ಕಿಟಕಿ ಪಕ್ಕ ಯಾರು ಎಂದು ಮಕ್ಕಳಲ್ಲಿ ಕಾದಾಟವೆದ್ದಿತು. ತಾಯಿ ಒಬ್ಬನ ಕಿವಿ ಹಿಂಡಿದಳು, ಅವನು ಊಳಿಟ್ಟ, ನಾಯಿ ಜೊತೆಗೂಡಿತು. ರೇಡಿಯೋ ಕಿರುಚುತ್ತಿತ್ತು. ಹರಾಜಣ್ಣ ಒಂದು ಕೈಯಲ್ಲಿ ಬಾಗಿಲು ಎಳೆದುಕೊಳ್ಳುತ್ತಾ, ಇಸ್ತ್ರಿಯವಳಿಗೆ "ಅಕ್ಕಾ, ಅಂಗಿ ಸಂಜೆ ತಗೋತೀನಿ!" ಎಂದು ಕೂಗುತ್ತಾ, ಇನ್ನೊಂದು ಕೈಯಲ್ಲಿ ಕೀಲಿ ತಿರುಗಿಸಿದ.

ಕಾರು ಒಂದೇ ಸಲಕ್ಕೆ ಎದ್ದಿತು.

ಗುರ್ರೆಂದದ್ದೂ ಅಲ್ಲ. ಬೆನ್ನು ಸವರಿಸಿಕೊಂಡ ಬೆಕ್ಕಿನ ಹಾಗೆ ನುಣ್ಣಗೆ ಎದ್ದು, ಬೀದಿ ತುಂಬ ಗದ್ದಲ ಚೆಲ್ಲುತ್ತ ಹೊರಟೇ ಹೋಯಿತು.

ಗಾಜಪ್ಪನಿಗೆ ಕರುಳಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. "ಇವತ್ತು ಸೆಕೆ ಇದೆ, ಅದಕ್ಕೇ ಎದ್ದಿದೆ" ಎಂದ.

"ಹೌದೌದು" ಎಂದಳು ಹೆಂಡತಿ ಒಳಗಿನಿಂದ. "ನಾಳೆ ನೋಡಿ."

ನಾಳೆಯೂ ಎದ್ದಿತು. ನಾಡಿದ್ದೂ ಎದ್ದಿತು. ಗಾಜಪ್ಪನ ಹೊಟ್ಟೆಯುರಿಗೆ ದಿನಕ್ಕೊಂದು ಹೊಸ ಸೌದೆ. ಕನ್ನಡಿ ನಿಲ್ಲುತ್ತಿದ್ದ ಕಂಬಳಿಯ ಚೌಕಟ್ಟಿನಲ್ಲಿ ಈಗ ಈರುಳ್ಳಿ ಮೂಟೆ. ಒಂದು ಮಚ್ಚೆ ಬೀಳದಂತೆ ಅವನು ಒರೆಸುತ್ತಿದ್ದ ಕಿಟಕಿಗೆ ನಾಯಿಯ ಜೊಲ್ಲು. ತೊಳೆಯುವುದೋ, ಮಕ್ಕಳು ಪೈಪು ಹಿಡಿದು ಕಾರಿಗಿಂತ ಹೆಚ್ಚು ಒಬ್ಬರಿಗೊಬ್ಬರು ನೀರು ಹಾಕಿಕೊಳ್ಳುವುದು. ಕಾರು ಕೊರಗಿ ಸೊರಗಿದ್ದರೆ ಅವನಿಗೆ ಎಷ್ಟೋ ಸಮಾಧಾನವಿತ್ತು. ಅದು ದಿನದಿನಕ್ಕೆ ಕಳೆ ಏರಿಸಿಕೊಳ್ಳುತ್ತಿತ್ತು. ಎಂದೂ ಸೀದಾ ಕೂರದ ಎರಡನೇ ಗೇರು ಕೂಡ ಆ ಮನುಷ್ಯನ ಕೈಗೆ ಬೆಣ್ಣೆಯ ಹಾಗೆ ಬೀಳುತ್ತಿತ್ತು. ಮೇಲಿನ ಕಿಟಕಿಯಲ್ಲಿ ಕೂತವನಿಗೆ ಸದ್ದಿನಿಂದಲೇ ಗೊತ್ತಾಗುತ್ತಿತ್ತು.

ತಾಳಲಾರದೆ ಒಂದು ಸಂಜೆ ಗೇಟಿನ ಹತ್ತಿರ ಹರಾಜಣ್ಣನನ್ನು ಹಿಡಿದ. "ಏನಪ್ಪಾ, ತೊಂದರೆ ಗಿಂದರೆ ಕೊಡ್ತಿದೆಯಾ? ಸಂಕೋಚ ಬೇಡ, ಇದ್ರೆ ಹೇಳು."

"ತೊಂದ್ರೇನಾ? ಬಂಗಾರ ಅಣ್ಣಾ, ಬಂಗಾರ! ನಾನು ಹತ್ತೋದೇ ತಡ, ಹೂಂ ನಡಿ ಅಂತ ಅದೇ ಅವಸರ ಮಾಡುತ್ತೆ."

"ಚಳಿಯಲ್ಲಿ?"

"ಚಳಿಯಲ್ಲಿ ನಾವೇ ಏಳಲ್ಲ, ಅದು ಏಳುತ್ತೆ!"

ಹೊಗಳಿಕೆಯ ಒಂದೊಂದು ಮಾತೂ ಗಾಜಿನ ಚೂರಿನ ಹಾಗೆ ಒಳಗಿಳಿಯಿತು. ತನ್ನ ಮನೆಯಲ್ಲಿ ಅಷ್ಟು ವರ್ಷ ಮೇಂದು, ಎದುರು ಮನೆಯಲ್ಲಿ ಬಾಲ ಅಲ್ಲಾಡಿಸುವ ಪ್ರಾಣಿಯನ್ನು ನೋಡಿದ ಹಾಗೆ ಅವನು ಕಾರನ್ನು ನೋಡಿದ. ಹರಾಜಣ್ಣ ಒರಟ, ಆದರೆ ಕಣ್ಣು ಸೂಕ್ಷ್ಮ. ಕೀಲಿಗೊಂಚಲನ್ನು ತೆಗೆದು ಗಾಜಪ್ಪನ ಅಂಗೈಗೆ ಹಾಕಿದ. "ಆಸೆ ಆಗಿರಬೇಕು ನಿಮಗೆ. ಓಡ್ಸೋದು ಬೇಡ, ಕೂತು ಒಂದು ಸಲ ಸ್ಟಾರ್ಟ್ ಮಾಡಿ. ನಾವೂ ನೋಡೋಣ, ಕಾರು ನಿಮ್ಮನ್ನ ಮರೆತಿದೆಯೋ ಇಲ್ಲವೋ."

ಗಾಜಪ್ಪ ಕಾಲನ್ನು ಕೈಯಲ್ಲಿ ಎತ್ತಿಟ್ಟುಕೊಂಡು ಹತ್ತಿದ. ಸೀಟು ಮುಂದಕ್ಕೆ ಸರಿದಿತ್ತು. ಅಂಗೈಯ ಹಳ್ಳ ಅಲ್ಲೇ ಇತ್ತು. ಅವನ ಎದೆ ಹೊಡೆದುಕೊಂಡ ರೀತಿಗೆ ಹಳೆಯ ಪಂಪೂ ನಾಚಬೇಕು. ಮಕ್ಕಳೆಲ್ಲ ಓಡಿ ಬಂದು ಕಿಟಕಿಗೆ ಮುಖ ಒತ್ತಿದರು. ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಹೊರಬಂದಳು. ಮೇಲೆ ಕಿಟಕಿಯಲ್ಲಿ ಹೆಂಡತಿ.

"ಶ್!" ಎಂದ ಗಾಜಪ್ಪ.

ಹರಾಜಣ್ಣನ ಮನೆಯವರು ಹುಟ್ಟಿದಂದಿನಿಂದ ಮೊದಲ ಸಲ ಬಾಯಿ ಮುಚ್ಚಿದರು. ಬೀದಿ ಬಿಕೋ ಎಂದಿತು. ಗಾಜಪ್ಪ ಹಳೆಯ ರೂಢಿಯ ಹಾಗೆ, ತಣ್ಣಗಿನ ಇಂಜಿನ್ನಿಗೆ ಹೆಚ್ಚು ಪೆಟ್ರೋಲು ಕುಡಿಸುವ ಚೋಕ್ ಎಳೆದ, ಕೀಲಿ ಅರ್ಧ ತಿರುಗಿಸಿದ, ತಲೆ ವಾಲಿಸಿ ಕಾದ, ಪೂರ್ತಿ ತಿರುಗಿಸಿದ.

ಕರ್ರ್... ಕರ್ರ್... ಕರ್ರ್... ಇಲ್ಲ.

ಮತ್ತೆ ಎಳೆದ, ಕಾದ, ತಿರುಗಿಸಿದ. ಇಲ್ಲ. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ಮಂಡಿಯಿಂದ ಆಗತಾನೆ ಬಂದು ನಿಂತ ಕಾರು, ಇಂಜಿನ್ನು ಇನ್ನೂ ಬೆಚ್ಚಗಿದೆ, ಬಿಸಿ ಇಂಜಿನ್ನಿಗೆ ಚೋಕ್ ಎಳೆದರೆ ಪೆಟ್ರೋಲು ಕುಡಿದು ಕುಡಿದು ಉಸಿರುಗಟ್ಟುತ್ತದೆ. ಅವನಿಗೆ ಗೊತ್ತಿರದ ವಿಷಯವೇ ಅದು? ಆದರೆ ಆ ಹೊತ್ತಿಗೆ ಅವನ ಕೈ ಅವನ ಮಾತು ಕೇಳುವಂತಿರಲಿಲ್ಲ.

"ಏಯ್, ಏಳೋ!" ಎಂದು ಅತಿ ಚಿಕ್ಕವಳು ಬಾಗಿಲಿಗೆ ಬಡಿದಳು. ಮಿಕ್ಕವರು ಹೋ ಎಂದರು. ನಾಯಿ ಬೊಗಳಿತು. ಹರಾಜಣ್ಣ "ಸ್ವಲ್ಪ ಬಿಡಿ ಅಣ್ಣಾ, ಸುಧಾರಿಸಿಕೊಳ್ಳಲಿ" ಎಂದು ಕಿಟಕಿಯಿಂದ ಕೈ ಹಾಕಿ ಚೋಕ್ ಒಳಗೆ ತಳ್ಳಿದ. ಒಂದಿಷ್ಟು ಹೊತ್ತು ಬಿಟ್ಟು, ಗಾಜಪ್ಪ ಇಳಿದು ನಿಂತ ಮೇಲೆ, ನಾಲ್ಕು ಬಾಯಿಗಳ ಗದ್ದಲದ ನಡುವೆ, ತಾನು ಕೂತು ತಿರುಗಿಸಿದ. ಎದ್ದಿತು.

ಅಂದಿನ ರಾತ್ರಿಯ ಊಟ ಗಾಜಪ್ಪನಿಗೆ ಮಣ್ಣು ತಿಂದ ಹಾಗಿತ್ತು.

ಇದಾದ ಮೇಲೆ ಅವನು ಕಿಟಕಿಗೆ ಪರದೆ ಎಳೆದ. ಆದರೆ ಕಿವಿಗೆ ಪರದೆ ಎಲ್ಲಿಂದ ತರುವುದು? ಹೀಗಿರುವಾಗ ಇನ್ನೊಂದು ಗಮನಕ್ಕೆ ಬಂತು. ಮಧ್ಯಾಹ್ನ ಎದುರು ಮನೆಯ ಕಾರು ಹೊರಟಾಗಲೆಲ್ಲ ತನ್ನ ಹೆಂಡತಿಯೂ ಮನೆಯಲ್ಲಿರುವುದಿಲ್ಲ. "ದಾರ ತರೋಕೆ" ಎನ್ನುತ್ತಾಳೆ. ದಾರ ಒಂದು ದಿನ ಬೇಕು, ಎರಡು ದಿನ ಬೇಕು. ವಾರಗಟ್ಟಲೆ ದಾರ ತಂದು ಇವಳೇನು ಬಲೆ ಹೆಣೆಯುತ್ತಾಳೆಯೇ?

ಒಂದು ಮಧ್ಯಾಹ್ನ ಕೋಲೂರಿಕೊಂಡು ಹಿಂದೆ ಹೊರಟ. ಮಂಡಿಯ ಹಿಂದಿನ ಖಾಲಿ ಬಯಲಿನಲ್ಲಿ ಚಹಾ ಬಣ್ಣದ ಉದ್ದ ಕಾರು ಖಾಲಿ ಬುಟ್ಟಿಗಳ ಸುತ್ತ ದೊಡ್ಡದೊಂದು ಸುತ್ತು ಹಾಕುತ್ತಿತ್ತು. ಹರಾಜಣ್ಣನ ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು, ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಳು. ಸ್ಟೀರಿಂಗಿನ ಹಿಂದೆ ಇನ್ನೊಂದು ತಲೆ. ಆ ಮುಡಿಯ ಗಂಟನ್ನು ಗುರುತಿಸಲು ಗಾಜಪ್ಪನಿಗೆ ಕನ್ನಡಕ ಬೇಕಿರಲಿಲ್ಲ.

ಅವಳು ನಗುತ್ತಿದ್ದಳು. ಓಡಿಸುತ್ತಾ, ಬಾಯಿ ತುಂಬ ಮಾತಾಡುತ್ತಾ, ನಗುತ್ತಿದ್ದಳು. ತನ್ನ ಪಕ್ಕದಲ್ಲಿ ಕೂತಷ್ಟು ವರ್ಷವೂ ಆ ಕಾರಿನಲ್ಲಿ ಅವಳು ಹೀಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ಹರಾಜಣ್ಣನ ಮೇಲಿದ್ದ ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಪುಟ್ಟ ಮಗುವಿನಂತೆ ಕಂಡಿತು. ಇದು ಅದರ ತಾತ.

ಮನೆಗೆ ಬಂದವಳ ಮುಂದೆ ಅವನು ಕುರ್ಚಿಯಲ್ಲಿ ಗಂಟುಮೋರೆ ಹಾಕಿ ಕೂತಿದ್ದ. "ದಾರ ಸಿಕ್ತಾ?"

ಅವಳಿಗೆ ಅರ್ಥವಾಯಿತು. ಚೀಲ ಕೆಳಗಿಟ್ಟು, "ಸಿಕ್ತು" ಎಂದಳು. "ಎರಡನೇ ಗೇರೂ ಸಿಕ್ತು."

"ನನ್ನ ಕಾರಿನಲ್ಲಿ, ನನಗೆ ಹೇಳದೆ..."

"ನಿಮ್ಮ ಕಾರಲ್ಲ ರೀ. ಮಾರಿದ್ದೀರಿ. ನಾನು ಕಲೀತೀನಿ ಅಂದಾಗ ಮೂಗಲ್ಲಿ ಚಹಾ ಬರೋ ಹಾಗೆ ನಕ್ಕು ಮಾರಿದ್ರಿ."

"ಅದು ನಿನ್ನ ಮಾತು ಕೇಳುತ್ತಾ ಅಂತ..."

"ಅದು ಎಲ್ಲರ ಮಾತೂ ಕೇಳುತ್ತೆ. ಅವತ್ತಿನಿಂದಲೂ ಕೇಳ್ತಾನೇ ಇತ್ತು." ಅವಳು ಎದುರಿಗೆ ಕೂತಳು. "ನಿಮಗೆ ಜ್ವರ ಬಂದು ಮಲಗಿದ್ರಲ್ಲ, ದೊಡ್ಡವಳು ಆಗಷ್ಟೇ ಸ್ಕೂಲಿಗೆ ಸೇರಿದ್ಳು, ಚಿಕ್ಕವಳು ಇನ್ನೂ ತೊದಲು ಮಾತಾಡೋ ಕಾಲ. ಕಾರು ಇಸ್ತ್ರಿಯವರ ಬಾಗಿಲಿಗೆ ಅಡ್ಡ ನಿಂತಿತ್ತು. ಅವರ ಮನೆಗೆ ಮಂಚ ಬಂದು ನಿಂತು, ಗಾಡಿಯವನು ಬಯ್ತಾ ಇದ್ದ. ನಾನೇ ಕೀಲಿ ತಗೊಂಡು ಹೋದೆ. ಹಿಂದೆ ಎರಡೂ ಕೂಸು ಒಂದೇ ಸಮ ಅಳ್ತಾ ಇದ್ವು. ತಿರುಗಿಸಿದೆ, ಎದ್ದೇಬಿಡ್ತು. ನನಗೇ ಭಯ ಆಗಿ ಎರಡು ಮಾರು ಸರಿಸಿ ಇಳಿದು ಬಂದೆ."

ಗಾಜಪ್ಪನಿಗೆ ಕುರ್ಚಿಯ ಕಾಲು ಮುರಿದ ಹಾಗಾಯಿತು. "ಮತ್ತೆ... ಅಷ್ಟು ವರ್ಷ ಉಸಿರು ಬಿಗಿಹಿಡಿದು ಕೂತಿದ್ದು?"

"ಕೂತೆ. ನಿಮ್ಮ ಮುಖ ನೋಡೋಕೆ ಚೆನ್ನಾಗಿರ್ತಿತ್ತು, ಪರದೆ ಏಳೋ ಮೊದಲು ನಾಟಕದವರ ಮುಖ ಇರುತ್ತಲ್ಲ ಹಾಗೆ. ಜೊತೆಗೆ..." ಅವಳ ತುಟಿ ಕೊಂಕಿತು. "ಇಡೀ ವಾರದಲ್ಲಿ ಆ ಎರಡು ಹುಡುಗಿಯರು ಬಾಯಿ ಮುಚ್ಚಿ ಕೂರ್ತಿದ್ದ ಹೊತ್ತು ಅಂದ್ರೆ ಅದೊಂದೇ. ಅದನ್ನ ನಾನು ಯಾಕೆ ಕಳ್ಕೊಳ್ಳಲಿ ಹೇಳಿ?"

ಗಾಜಪ್ಪ ಆಮೇಲೆ ಎಷ್ಟೋ ದಿನ ಹೆಂಡತಿಯ ಕೈಯನ್ನು ಕದ್ದು ಕದ್ದು ನೋಡುತ್ತಿದ್ದ. ಚಹಾ ಲೋಟ ಹಿಡಿದ ಆ ಅಂಗೈ ಸ್ಟೀರಿಂಗಿನ ಹಳ್ಳದಲ್ಲಿ ಕೂರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಅವನ ಬಾಯಿಯ ತನಕ ಬಂದು ಬಂದು ವಾಪಸಾಗುತ್ತಿತ್ತು. ಕೂರುತ್ತದೆ ಎಂದುಬಿಟ್ಟರೆ?

ಮೆಟ್ಟಿಲು ಅಪ್ಪನ ಮಂಡಿಗೆ ಆಗದು ಎಂದು ದೊಡ್ಡ ಮಗಳು ತನ್ನ ಮನೆಯ ಹಿಂದಿನ ಬೀದಿಯಲ್ಲೇ ನೆಲಮಟ್ಟದ ಪುಟ್ಟ ಮನೆಯೊಂದನ್ನು ಬಾಡಿಗೆಗೆ ಗೊತ್ತುಮಾಡಿದಳು. ಅಂಗಡಿಯ ಬಾಗಿಲೂ ಮುಚ್ಚಿತು. ಸಾಮಾನಿನ ಲಾರಿಯವನು ಬಂದು ಮಂಚ, ಬೀರು, ಪಾತ್ರೆ ಎಲ್ಲ ಹೇರಿಕೊಂಡ. ಅಂಗಡಿಯ ಗೋಡೆಯ ನಿಲುಗನ್ನಡಿ ನೋಡಿ ಮಾತ್ರ ಕೈಮುಗಿದ. "ಇದೊಂದು ಬೇಡ ಯಜಮಾನ್ರೇ. ಒಡೆದ್ರೆ ಆ ಪಾಪ ನನಗೆ ಯಾಕೆ?"

ಆ ಕನ್ನಡಿಯನ್ನು ಗಾಜಪ್ಪ ಕೊಯ್ದದ್ದೇ ಕಾರಿನೊಳಗಿನ ಚೌಕಟ್ಟಿನ ಅಳತೆಗೆ. ಹೆಣ್ಣುಮಕ್ಕಳು ಅದರ ಮುಂದೆ ನಿಂತು ಎತ್ತರವಾದವರು. ಬಿಟ್ಟು ಹೋಗುವ ಮಾತಿಲ್ಲ. ಅದು ಹಿಡಿಸುವ ಗಾಡಿ ಆ ಬೀದಿಯಲ್ಲಿ ಇದ್ದದ್ದು ಒಂದೇ.

"ಉದ್ದ ಕಾರು ಇರೋವಾಗ ಯೋಚನೆ ಏನಣ್ಣಾ!" ಎಂದು ಹರಾಜಣ್ಣ ಬೀದಿಗೆಲ್ಲ ಕೇಳುವಂತೆ ಗುಡುಗಿದ. "ನನಗೆ ಮಂಡಿಗೆ ಹೊತ್ತಾಯ್ತು, ನಮ್ಮವಳು ಬರ್ತಾಳೆ. ಓಡ್ಸೋಕೆ ಅಕ್ಕ ಇದ್ದಾರಲ್ಲ!"

ಆಗಷ್ಟೇ ಮೂಟೆ ಇಳಿಸಿ ಬಂದು ನಿಂತ ಕಾರಿನಲ್ಲಿ ಈರುಳ್ಳಿ ಸಿಪ್ಪೆ ಗುಡಿಸಿ, ಕಂಬಳಿಯ ಚೌಕಟ್ಟಿನಲ್ಲಿ ಕನ್ನಡಿ ನಿಲ್ಲಿಸಿದರು. ಗಾಜಪ್ಪ ಮುಂಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಹರಾಜಣ್ಣನ ಹೆಂಡತಿ ಅಲ್ಲಿ ಕೂತಾಗಿತ್ತು. "ಅಕ್ಕ ಇನ್ನೂ ಹೊಸಬರಲ್ವಾ, ನಾನು ಪಕ್ಕದಲ್ಲೇ ಇರಬೇಕು. ನೀವು ಹಿಂದೆ ಕೂತ್ಕೊಂಡು ಕನ್ನಡಿ ಹಿಡ್ಕೊಳ್ಳಿ ಅಣ್ಣಾ."

"ಹಿಂದೆ ಅಂದ್ರೆ? ಆ ಮಕ್ಕಳ ಬೆಂಚಲ್ಲಾ?"

"ನೀವೇ ಮಾಡಿದ ಬೆಂಚು" ಎಂದಳು ಹೆಂಡತಿ ಸ್ಟೀರಿಂಗಿನ ಹಿಂದಿನಿಂದ. "ಒಂದು ಸಲ ಕೂತು ನೋಡಿ, ಹೇಗಿದೆ ಅಂತ."

ಗಾಜಪ್ಪ ಮೇಲೆ ಹೋಗಿ ಖಾಲಿ ಕೋಣೆಗಳ ಕಿಟಕಿ ಹಾಕಿ, ಕಡಿದಾದ ಮೆಟ್ಟಿಲನ್ನು ಒಂದೊಂದಾಗಿ ಇಳಿದು, ಬೀಗ ಜಗ್ಗಿ ನೋಡಿ ಬಂದ. ಹಿಂಬಾಗಿಲಿನಿಂದ ಹತ್ತಿ, ಮಂಡಿ ಮಡಿಸಿ, ಬೆಂಚಿನಲ್ಲಿ ತುರುಕಿಕೊಂಡ. ಕೈ ಹಿಂದಕ್ಕೆ ಚಾಚಿ ಕನ್ನಡಿಯ ಅಂಚು ಹಿಡಿದ. ಅವನ ಬೆನ್ನು ಮುಂದಿನವರಿಗೆ, ಮುಖ ಬೀದಿಗೆ.

ಹೆಂಡತಿ ಕೀಲಿ ಹಾಕಿದಳು. ಹಾಕಿದವಳು, ಹಳೆಯ ರೂಢಿ ನೋಡಿ, ಹಾಗೆಯೇ ಒಂದು ಗಳಿಗೆ ತಡೆದಳು. ಬೀಳ್ಕೊಡಲು ಬಂದ ಇಸ್ತ್ರಿಯವಳು ಮಾತು ನಿಲ್ಲಿಸಿದಳು. ಅಂಚೆಯವನು ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟ. ಹರಾಜಣ್ಣನ ಮಕ್ಕಳು ಗೋಡೆ ಹತ್ತಿ ಕೂತಿದ್ದರು, ಅವರೂ ಮೂಗು ಹಿಡಿದರು. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯಿತು.

ಆ ಮೌನ ತನ್ನ ಬೆನ್ನ ಹಿಂದೆ, ಅವಳಿಗಾಗಿ ತುಂಬುತ್ತಿರುವುದು ಗಾಜಪ್ಪನಿಗೆ ಕೇಳಿಸಿತು. ಅದು ತನ್ನದು. ಅಷ್ಟು ವರ್ಷ ಕಾಪಾಡಿಕೊಂಡು ಬಂದ ತನ್ನ ಸ್ವಂತ ಮೌನ. ಕಾರು ಹೋಗಲಿ, ಗೇರು ಹೋಗಲಿ, ಇದನ್ನೂ ಇವಳಿಗೆ ಬಿಟ್ಟುಕೊಡುವುದೇ? ಅವನಿಂದ ಆಗಲಿಲ್ಲ. ಗಂಟಲು ಬಿರಿಯುವ ಹಾಗೆ ಕೂಗಿದ.

"ಏಯ್, ಹೊರಡೇ ಮಾರಾಯ್ತಿ! ಮೆರವಣಿಗೆ ಕಾಯ್ತಿದೀಯಾ? ಚೋಕ್ ಎಳೀಬೇಡ, ಇಂಜಿನ್ ಬಿಸಿ ಇದೆ!"

ಮುಂದೆ ಇಬ್ಬರೂ ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲೇ ಕಾರು ಎದ್ದಿತು. ಗೋಡೆಯ ಮೇಲಿನವರು "ಹೋ!" ಎಂದು ಉದುರಿದರು.

ಉದುರಿದ್ದನ್ನು ಗಾಜಪ್ಪ ಮೊದಲ ಸಲ ಕಣ್ಣಾರೆ ಕಂಡ. ಉಬ್ಬಿದ ಕೆನ್ನೆಗಳು, ಕೆಂಪಾದ ಕಿವಿಗಳು, ಒಬ್ಬರ ಮೇಲೊಬ್ಬರು ಬಿದ್ದು ಚಡ್ಡಿ ಜಾಡಿಸಿಕೊಂಡು ಕಾರಿನ ಹಿಂದೆ ಓಡಿ ಬರುವ ಮಕ್ಕಳು. ಹಿಂದಿನ ಗಾಜಿನ ತುಂಬ ಅವರೇ. ಆಗ ಅವನಿಗೆ ಹೊಳೆಯಿತು. ಈ ಬೆಂಚಿನಲ್ಲಿ ಕೂತವರಿಗೆ ಓಡಿಸುವವನ ಕತ್ತು ಕಾಣುವುದೇ ಇಲ್ಲ. ಎಂದೂ ಕಂಡಿರಲಿಲ್ಲ. ತಾನು ಕತ್ತು ನೆಟ್ಟಗೆ ಮಾಡಿ ಕೂರುತ್ತಿದ್ದಾಗ, ಆ ಇಬ್ಬರು ಕಳ್ಳಿಯರು ಬೀದಿಯ ಹುಡುಗರ ಈ ಆಟ ನೋಡುತ್ತ, ನಗು ತಡೆಯಲಾರದೆ ಬಾಯಿಗೆ ಕೈ ಒತ್ತಿ ಕೂತಿರುತ್ತಿದ್ದರು. ಅದಕ್ಕೇ ಆ ಮೌನ ಅಷ್ಟು ಗಟ್ಟಿ.

ಕಾರು ಎರಡನೇ ಗೇರಿಗೆ ಬಿತ್ತು, ಬೆಣ್ಣೆಯ ಹಾಗೆ. ಮಕ್ಕಳು ಹಿಂದುಳಿದರು. ಮನೆ ಪೂರ್ತಿಯಾಗಿ ಕಾಣಿಸಿತು. ಕೆಳಗೆ ಮುಚ್ಚಿದ ಅಂಗಡಿ, ಮೇಲೆ ತಾನು ಒರೆಸಿ ಒರೆಸಿ ಮಿನುಗಿಸಿದ ಕಿಟಕಿ, ಅದರಲ್ಲಿ ಬೆಳಗಿನ ಬಿಸಿಲು. ಓಡಿಸುತ್ತಿದ್ದ ಅಷ್ಟೂ ಕಾಲ ಅವನಿಗೆ ಒಂದು ಸಲವೂ ಕಾಣದ ನೋಟ ಅದು. ಮನೆ ಸಣ್ಣದಾಗುತ್ತ, ಸಣ್ಣದಾಗುತ್ತ, ಬೀದಿಯ ತಿರುವಿನಲ್ಲಿ ಅಂಚೆಯವನ ಮೂಲೆಮನೆಯ ಹಿಂದೆ ಜಾರಿತು.

"ಹಿಂದೆ ಹೇಗಿದೆ ರೀ?" ಎಂದು ಹೆಂಡತಿ ಕೂಗಿ ಕೇಳಿದಳು.

ಗಾಜಪ್ಪ ಬೆನ್ನ ಹಿಂದಿನ ಕನ್ನಡಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು, ಇಷ್ಟು ವರ್ಷ ಇದನ್ನೆಲ್ಲ ಆ ಹುಡುಗಿಯರಿಬ್ಬರೇ ನೋಡಿಕೊಂಡು ಬಂದರಲ್ಲ ಎಂದು ಕರುಬುತ್ತ ಕೂತಿದ್ದ.